ಕೊನೆಯ ‘ರ’ದ ತಲೆಕಟ್ಟು

“ಅಂಗಡಿ ಬೋರ್ಡಿನ ಫೋಟೊ ತೆಗೆದ್ರೆ ಅದು ಬೋರ್ಡ್ ಬರೆದವನ ಕಲೆ. ನಿಮ್ದೇನಿದೆ ಇದ್ರಲ್ಲಿ?” ಎಂದು ಕೇಳಿದ ನಂದೀಶ್. ಮಲ್ಲೇಶ್ವರದ ಆ ಪ್ರದರ್ಶನಕ್ಕೆ ಚಿತ್ರಗಳನ್ನು ಆರಿಸುವವನು ಅವನೇ. ಸ್ವಂತದ್ದು ಅಂತ ಏನಾದರೂ ತೋರಿಸದಿದ್ದರೆ ಸಂಜೆಯ ಉದ್ಘಾಟನೆಗೆ ಮೊದಲೇ ಫೋಟೊ ಗೋಡೆಯಿಂದ ಇಳಿಯುತ್ತದೆ. ಅಕ್ಷಯಾಳಿಗೆ ಮೈಯೆಲ್ಲ ಉರಿಯಿತು. ಐದು ವರ್ಷ ಕ್ಯಾಮೆರಾ ಹಿಡಿದು ಬೀದಿ ಬೀದಿ ಅಲೆದ ಮೇಲೆ ಮೊದಲ ಸಲ ಒಂದು ಗೋಡೆ ಸಿಕ್ಕಿತ್ತು; ಈಗ ಈ ಪುಣ್ಯಾತ್ಮ ಹೀಗೆ ಕೇಳುವುದೇ?

ಸ್ವಂತದ್ದು ಇತ್ತು, ಯಾಕಿಲ್ಲ. ಚಾಮರಾಜಪೇಟೆಯ ‘ಕೈಲಾಸ ಬಳೆ ಭಂಡಾರ’ದ ಬೋರ್ಡಿನಲ್ಲಿ ಕೊನೆಯ ‘ರ’ಕ್ಕೆ ತಲೆಕಟ್ಟೇ ಇರಲಿಲ್ಲ, ಬರೀ ಸೊನ್ನೆ. ಬಣ್ಣ ಉದುರಿದೆ ಅಂದುಕೊಂಡು, ಎರಡು ದಿನ ಕಂಪ್ಯೂಟರ್ ಮುಂದೆ ಕೂತು, ಕುಂಚದ ಎಳೆಗಳೂ ಕಾಣುವ ಹಾಗೆ ಅವಳೇ ಬರೆದು ಸೇರಿಸಿದ್ದಳು. ಅದನ್ನು ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಹಿಂದೆ ಯಾರೋ ಬಿಕ್ಕಿದ ಸದ್ದಾಯಿತು. ಎಪ್ಪತ್ತು ದಾಟಿದ ಹೆಂಗಸೊಬ್ಬರು ಊರುಗೋಲು ಹಿಡಿದು ಫೋಟೊವನ್ನೇ ನೋಡುತ್ತಿದ್ದರು.

“ನಾನು ವಿಶಾಲಮ್ಮ. ಈ ಫೋಟೊ ಪೇಪರ್‌ನಲ್ಲಿ ನೋಡಿ ಬಂದೆ. ಈ ಬೋರ್ಡ್ ಬರೆದಿದ್ದು ನಮ್ ಯಜಮಾನ್ರು,” ಎಂದರು. “ಅಂಗಡಿ ಪೂಜೆ ಆಗೋವರ್ಗೂ ಕೊನೇ ಅಕ್ಷರಕ್ಕೆ ತಲೆಕಟ್ಟು ಹಾಕ್ತಿರ್ಲಿಲ್ಲ, ಅದು ಅವರ ಪದ್ಧತಿ. ಇದರ ಪೂಜೆ ದಿನ ಬಣ್ಣ ತರ್ತೀನಿ ಅಂತ ಏಣಿ ಇಳಿದು ಹೋದೋರು ವಾಪಸ್ ಬರ್ಲಿಲ್ಲ. ಇಪ್ಪತ್ತಾರು ವರ್ಷ ಆಯ್ತಮ್ಮ. ಬಂದ್ರೆ ಮೊದ್ಲು ಇದನ್ನ ಮುಗಿಸ್ತಾರೆ, ಅರ್ಧಕ್ಕೆ ಬಿಡೋ ಜೀವ ಅಲ್ಲ ಅಂತ ದಿನಾ ಹೋಗಿ ನೋಡ್ತಿದ್ದೆ. ಮಂಡಿ ಆಪರೇಷನ್ ಆಗಿ ಮೂರು ತಿಂಗಳು ಮಲಗಿದೆ ನೋಡು, ಅಷ್ಟರಲ್ಲಿ ಅಂಗಡೀನೇ ಒಡೆದ್ಹಾಕಿದ್ರು. ನಿನ್ನ ಫೋಟೊ ಅದರ ಹಿಂದಿನ ದಿನದ್ದು ಅಂತ ಪೇಪರ್‌ನಲ್ಲಿ ಇತ್ತು.”

ಅವರ ಬೆರಳು ಗಾಜಿನ ಮೇಲೆ, ತಲೆಕಟ್ಟಿನ ಹತ್ತಿರ ನಿಂತಿತು. “ಇದು ಅಲ್ಲೇ ಇತ್ತಾ, ಇಲ್ಲಾ ನೀನು ಹಾಕಿದ್ದಾ?”

ನಂದೀಶನೂ ಅವಳ ಮುಖ ನೋಡಿದ. ಅಕ್ಷಯಾಳಿಗೆ ತಾನೇ ಎಳೆದ ಗೆರೆಯ ಹಿಂದೆ ಯಾರೋ ನಿಂತು ತನ್ನ ಉತ್ತರಕ್ಕೆ ಕಾಯುತ್ತಿರುವಂತೆ ಅನಿಸಿ ಭಯವಾಯಿತು. ನನ್ನದೇ ಅಂದರೆ ಫೋಟೊ ಉಳಿಯುತ್ತದೆ. ಈ ಅಜ್ಜಿಯ ಇಪ್ಪತ್ತಾರು ವರ್ಷ? ಹಾಳಾಗಿ ಹೋಗಲಿ ಈ ಗೋಡೆ, ಅಂದುಕೊಂಡಳು.

“ಅಲ್ಲೇ ಇತ್ತಮ್ಮ. ನಾನೇನೂ ಹಾಕಿಲ್ಲ.”

ನಂದೀಶ್ ಫೋಟೊ ಇಳಿಸತೊಡಗಿದ. ವಿಶಾಲಮ್ಮನ ಮುಖ ಅರಳುತ್ತದೆಂದು ಅಕ್ಷಯಾ ಕಾದಳು. ಅರಳಲಿಲ್ಲ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಹಾಗಾದ್ರೆ ಬಂದಿದ್ರು,” ಎಂದರು. “ಅಲ್ಲಿಂದ ನಮ್ಮನೆಗೆ ಎರಡೇ ರಸ್ತೆ ದೂರ. ಮನೇಗ್ ಮಾತ್ರ ಬರ್ಲಿಲ್ಲ.”