ಉದುರಿದ್ದೆಲ್ಲ ನಮ್ಮದು

ಅಪಘಾತವಾದ ಗಾಡಿಯನ್ನು ಎಳೆದುಕೊಂಡು ಹೋಗುವುದಕ್ಕೆ ಇಷ್ಟೇ ತೆಗೆದುಕೊಳ್ಳಬೇಕು, ಅದರ ಮೇಲೆ ಒಂದು ಕಾಸೂ ಕೇಳುವಂತಿಲ್ಲ ಎಂದು ಸರ್ಕಾರದ ರೂಲು ಬಂದ ದಿನ ನಮ್ಮ ಯಜಮಾನರು ಊಟ ಬಿಟ್ಟು ಮುಸುಕು ಹಾಕಿಕೊಂಡು ಮಲಗಿದರು. ನಮ್ಮತ್ತೆ ಮಗನ ಹಣೆ ಮುಟ್ಟಿ ನೋಡಿ, "ಜ್ವರ ಏನಿಲ್ಲ, ಪಾಪ, ಮನಸ್ಸಿಗೆ ಹಚ್ಕೊಂಡಿದಾನೆ" ಎಂದರು. ಮನಸ್ಸು ಎಂಬ ಪದಾರ್ಥ ಈ ಮನುಷ್ಯನ ಒಳಗೆ ಯಾವ ಮೂಲೆಯಲ್ಲಿದೆ ಎಂದು ನಾನೂ ಮದುವೆಯಾದಾಗಿನಿಂದ ಹುಡುಕುತ್ತಲೇ ಇದ್ದೇನೆ.

ರೂಲು ಬರುವ ಮುಂಚೆ ಇವರ ದರಬಾರು ನೋಡಬೇಕಿತ್ತು. ಎಲ್ಲಿ ಗಾಡಿ ಗುದ್ದಿತೋ ಅಲ್ಲಿ ಇವರ ಟೋಯಿಂಗ್ ಲಾರಿ ಹಾಜರು. ಮೊದಲು ಕೊಕ್ಕೆ ಹಾಕುವುದು, ಮಾತು ಆಮೇಲೆ. ಒಮ್ಮೆ ಕೊಕ್ಕೆ ಬಿದ್ದರೆ ಬೇರೆ ಯಾವ ಲಾರಿಯವನೂ ಅದನ್ನು ಮುಟ್ಟುವಂತಿಲ್ಲ. ಗಾಡಿಯವನು ಹಣೆಯ ರಕ್ತ ಒರೆಸಿಕೊಳ್ಳುತ್ತಾ "ಎಷ್ಟಾಗುತ್ತೆ?" ಎಂದು ಕೇಳಿದರೆ ಇವರು ಅವನ ಕೈಯಲ್ಲಿರುವ ವಾಚು ನೋಡಿ ರೇಟು ಹೇಳುತ್ತಿದ್ದರು. ಎಳೆದದ್ದಕ್ಕೆ ಒಂದು, ಕಾದದ್ದಕ್ಕೆ ಒಂದು, ರಸ್ತೆಯ ಗಾಜು ಗುಡಿಸಿದ್ದಕ್ಕೆ ಇನ್ನೊಂದು. ಯಾರ್ಡಿನಲ್ಲಿ ನಿಲ್ಲಿಸಿದ್ದಕ್ಕೆ ಬಾಡಿಗೆ ಬೇರೆ. ಯಾರ್ಡಿನ ಕಿಟಕಿಯ ಹಿಂದೆ ಕೂತು ಆ ದುಡ್ಡು ಎಣಿಸುವ ಭಾಗ್ಯ ನನ್ನದು. ಅತ್ತವರನ್ನು, ಬೈದವರನ್ನು, ಕೈ ಮುಗಿದವರನ್ನು ಎಲ್ಲ ನಾನೇ ನೋಡಬೇಕು. ಇವರು ಮಾತ್ರ ಹಿಂದಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕಾಲು ಚಾಚಿಕೊಂಡಿರುತ್ತಿದ್ದರು.

ಮೂರು ದಿನ ಮುಸುಕಿನಲ್ಲಿದ್ದವರು ನಾಲ್ಕನೇ ದಿನ ಎದ್ದು ಟೋಯಿಂಗ್ ಸಂಘದ ಮೀಟಿಂಗು ಕರೆದರು. ಸಂಘಕ್ಕೆ ಇವರೇ ಅಧ್ಯಕ್ಷರು. ಅಂಥ ಯೋಗ್ಯತೆ ಏನು ಎನ್ನುತ್ತೀರಾ, ಮೀಟಿಂಗಿಗೆ ಬೇಕಾದಷ್ಟು ದೊಡ್ಡ ಶೆಡ್ಡು ಇರುವುದು ನಮಗೊಬ್ಬರಿಗೇ. ಸಂಘದ ಮಹಾಮೇಧಾವಿಗಳು ನಾನು ತೊಳೆದಿಟ್ಟ ಲೋಟಗಳಲ್ಲಿ ಟೀ ಹೀರುತ್ತಾ ರೂಲನ್ನು ಹಿಂದುಮುಂದು ಓದಿದರು. ಎಳೆಯುವುದಕ್ಕೆ ಮಿತಿ ಇದೆ. ಗಾಡಿಯೊಳಗಿನ ಸಾಮಾನನ್ನು ಕೇಳಿದ ತಕ್ಷಣ ಕೊಡಬೇಕು ಎಂದೂ ಇದೆ. ಕೊನೆಗೆ ನಮ್ಮವರು ಮೇಜು ಕುಟ್ಟಿ, "ಗಾಡಿಯೊಳಗೆ ಇರೋದರ ಬಗ್ಗೆ ಹೇಳಿದಾರೆ. ಗಾಡಿಯಿಂದ ಉದುರಿದ್ದರ ಬಗ್ಗೆ ಎಲ್ಲಿ ಹೇಳಿದಾರೆ?" ಎಂದರು. ಸಂಘ ತಲೆದೂಗಿತು. ಏನೋ ಹೊಸ ಗ್ರಹ ಕಂಡುಹಿಡಿದವರ ಹಾಗೆ ಇವರು ಮೀಸೆ ತಿರುವಿಕೊಂಡರು.

ಆ ಕಸುಬಿನಲ್ಲಿ ಮೊದಲಿಂದಲೂ ಒಂದು ಪದ್ಧತಿಯಿತ್ತು. ಗಾಡಿ ಎಳೆದವನೇ ರಸ್ತೆ ಗುಡಿಸಬೇಕು, ಗುಡಿಸಿದ್ದು ಅವನಿಗೇ ಸೇರಬೇಕು. ಒಡೆದ ಬಂಪರಿನ ಚೂರು, ಮುರಿದ ಕನ್ನಡಿ, ಚಕ್ರದ ಮುಚ್ಚಳ, ಇಂಥದ್ದನ್ನು ಚೀಲಕ್ಕೆ ತುಂಬಿ ಗುಜರಿಯವನಿಗೆ ತೂಕಕ್ಕೆ ಹಾಕುತ್ತಿದ್ದರು. ಅದರಿಂದ ಒಂದು ಹೊತ್ತಿನ ಟೀ ಖರ್ಚು ಹುಟ್ಟುತ್ತಿತ್ತು, ಅಷ್ಟೆ. ಮೀಟಿಂಗು ಮುಗಿದ ಮೇಲೆ ಗಾಡಿಗಳು ಉದುರುವುದಕ್ಕೆ ಲೆಕ್ಕವೇ ಇಲ್ಲದಂತಾಯಿತು. ಡಿಕ್ಕಿಯಲ್ಲಿ ಭದ್ರವಾಗಿದ್ದ ಸ್ಟೆಪ್ನಿ ಉದುರಿತು. ಜಾಕು ಉದುರಿತು. ನಟ್ಟು ಹಾಕಿ ಬಿಗಿದ ಬ್ಯಾಟರಿಯೂ ತಾನಾಗಿ ಉದುರಿತು. "ರೀ, ಇದು ಕಳ್ಳತನ" ಎಂದು ನಾನು ಒಮ್ಮೆ ಮುಖಕ್ಕೆ ಹೇಳಿದೆ. "ನಿಂಗೆ ವ್ಯಾಪಾರ ತಿಳಿಯಲ್ಲ, ಸುಮ್ನಿರು" ಎಂದು ಅಧ್ಯಕ್ಷರು ತೀರ್ಪು ಕೊಟ್ಟರು.

ಹೀಗಿರುವಾಗ ಒಂದು ಸಂಜೆ ಮೂತಿ ಜಜ್ಜಿಹೋದ ಒಂದು ಪುಟ್ಟ ಕಾರನ್ನು ಎಳೆದು ತಂದರು. ಓಡಿಸುತ್ತಿದ್ದವನನ್ನು ಜನ ಆಗಲೇ ಹೊರಗೆಳೆದು ಆಂಬುಲೆನ್ಸಿಗೆ ಹತ್ತಿಸಿದ್ದರಂತೆ. ಹೆಚ್ಚೇನೂ ಪೆಟ್ಟಾಗಿಲ್ಲವಂತೆ. ಇವರು ಎಂದಿನಂತೆ ಚೀಲ ತುಂಬಿಸಿಟ್ಟು ಒಳಗೆ ಬಂದರು. ಕೈಯಲ್ಲಿ ಒಂದು ಬೂಟಿತ್ತು. ಕರಿ ಚರ್ಮದ್ದು, ಹೊಚ್ಚ ಹೊಸದು.

"ಇದರ ಜೋಡಿ ಸಿಗ್ತಿಲ್ಲ ಕಣೇ. ಸೀಟಿನ ಕೆಳಗೆಲ್ಲ ತಡಕಾಡಿದೆ" ಎಂದರು.

"ಇದು ಎಲ್ಲಿತ್ತು?"

"ಬಟ್ಟೆ ಅಂಗಡಿ ಬೊಂಬೆ ಕಾಲು ಒಂದಿತ್ತು, ಪೆಡಲಿನ ಹತ್ರ ಸಿಕ್ಕೊಂಡು. ಅದಕ್ಕೆ ಹಾಕಿದ್ರು. ಬೊಂಬೆಗೆ ಇಷ್ಟು ಒಳ್ಳೆ ಬೂಟು ಹಾಕ್ತಾರೆ ನೋಡು, ದುಡ್ಡಿನ ಕೊಬ್ಬು."

ಊಟವಾದ ಮೇಲೆ ಟಾರ್ಚು ಹಿಡಿದು ಇನ್ನೊಮ್ಮೆ ಹೋಗಿ ಹುಡುಕಿ ಬಂದರು. ಸಿಗದಿದ್ದಕ್ಕೆ ಮುಖ ಗಂಟು ಹಾಕಿಕೊಂಡು ಮಲಗಿದರು. ನನಗೂ ಆ ಹೊತ್ತಿಗೆ ಏನೂ ಹೊಳೆಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಕಿಟಕಿಯ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ನನ್ನ ವಾರಿಗೆಯವಳೇ. ರೂಲಿನಲ್ಲಿ ಎಷ್ಟಿದೆಯೋ ಅಷ್ಟನ್ನೇ ಎಣಿಸಿ ಇಟ್ಟಳು. "ಕಾರು ಆಮೇಲೆ ತಗೊಂಡು ಹೋಗ್ತೀವಿ ಅಕ್ಕ. ನಮ್ಮನೆಯವರ ಕಾಲು ಕೊಟ್ಬಿಡಿ, ಅದಕ್ಕೇ ಬಂದೆ" ಎಂದಳು.

ಎಣಿಸಲು ತೆಗೆದುಕೊಂಡಿದ್ದ ದುಡ್ಡನ್ನು ನಾನು ಅಲ್ಲೇ ಕೆಳಗಿಟ್ಟೆ.

ಅವಳ ಗಂಡ ಕ್ಷೌರದ ಅಂಗಡಿಯವನು. ಎಡಗಾಲು ಮಂಡಿಯ ಕೆಳಗೆ ಇಲ್ಲ. ಕೃತಕ ಕಾಲು ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯ ಸುತ್ತ ನಿಂತೇ ಕೆಲಸ ಮಾಡುವವನು. ಗುದ್ದಿದ ರಭಸಕ್ಕೆ ಕಾಲು ಪೆಡಲಿಗೆ ಸಿಕ್ಕಿ, ಜನ ಎಳೆದಾಗ ಕಳಚಿ ಒಳಗೇ ಉಳಿದಿತ್ತು. "ಅದರ ತುದೀಲಿ ಮಂಡಿ ಕೂರಿಸೋ ಬಟ್ಟಲಿದೆಯಲ್ಲ, ಅದು ಸರಿಯಾಗಿ ಹೊಂದೋಕೆ ಎಷ್ಟು ಸಲ ಅಳತೆ ಕೊಟ್ಟಿದಾರೋ ಅಕ್ಕ. ಹುಣ್ಣಾಗೋದು, ಒಣಗೋದು, ಮತ್ತೆ ಹೋಗೋದು. ಅದು ಇಲ್ಲದೆ ಅಂಗಡಿ ಬಾಗಿಲು ತೆಗೆಯೋ ಹಾಗಿಲ್ಲ" ಎಂದಳು.

ಮಾತು ಕೇಳಿ ನಮ್ಮವರು ಕೋಣೆಯಿಂದ ಹೊರಬಂದರು. "ಕಾಲು ಗೀಲು ಇಲ್ಲಿಗೆ ಬಂದಿಲ್ಲಮ್ಮ. ಆಸ್ಪತ್ರೆಲಿ ವಿಚಾರಿಸಿ" ಎಂದರು, ಕಣ್ಣು ಮಿಟುಕಿಸದೆ. ಹಿಂದಿನಿಂದ ನಮ್ಮತ್ತೆಯೂ ದನಿಗೂಡಿಸಿದರು, "ನನ್ನ ಮಗ ಯಾಕಮ್ಮ ಇನ್ನೊಬ್ಬರ ಕಾಲು ಇಟ್ಕೊಳ್ತಾನೆ? ಅವನಿಗೇನು ಎರಡಿಲ್ಲವಾ?"

ನಾನು ಎದ್ದು ಹೋಗಿ ಬಚ್ಚಲಿನ ಪಕ್ಕ ಇಟ್ಟಿದ್ದ ಬೂಟನ್ನು ತಂದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಅವಳು ಅದನ್ನು ನೋಡಿದಳು, ಇವರನ್ನು ನೋಡಿದಳು. "ಇದರ ಜೋಡಿ ಅವರ ಬಲಗಾಲಲ್ಲಿದೆ" ಎಂದಳು. ಅಧ್ಯಕ್ಷರ ಮುಖ ಸುಟ್ಟ ಬದನೆಕಾಯಿಯಾಯಿತು.

"ಅದು ಉದುರಿತ್ತು" ಎಂದರು ಕೊನೆಗೆ.

ಕಾಲು ತುಂಬಿದ್ದ ಚೀಲವನ್ನು ಗುಜರಿಯವನು ಬೆಳಿಗ್ಗೆಯೇ ಒಯ್ದಿದ್ದ. ಲಾರಿ ತೆಗೆಯಿರಿ, ಈಗಲೇ ಹೋಗೋಣ ಎಂದು ನಾನು ಹಟ ಹಿಡಿದೆ. ಬರುವುದಿಲ್ಲ ಎಂದು ಗೊಣಗಿದರು. ಆಕೆ ಫೋನು ತೆಗೆದು, ಟೋಯಿಂಗಿಗೆ ಲೈಸೆನ್ಸು ಕೊಡುವ ಆಫೀಸಿನ ನಂಬರು ಹುಡುಕತೊಡಗಿದಳು. ಕೂಡಲೇ ಇವರು ಚಪ್ಪಲಿ ಮೆಟ್ಟಿಕೊಂಡರು. ನಮ್ಮವರ ಧೈರ್ಯ ಇರುವುದೇ ಅಷ್ಟು.

ಗುಜರಿಯ ಅಂಗಳದಲ್ಲಿ ನಾವಿಬ್ಬರು ಹೆಂಗಸರು ಮಂಡಿಯೂರಿ ಹುಡುಕಿದೆವು. ಇವರು ಲಾರಿಯಲ್ಲೇ ಕೂತು ಹಾರನ್ನು ಒತ್ತುತ್ತಿದ್ದರು. ಲೋಹದ ಕೊಳವೆಯನ್ನು ಗುಜರಿಯವನು ಆಗಲೇ ತುಂಡು ಮಾಡಿ ರಾಶಿಗೆ ಹಾಕಿದ್ದ. ಪಾದ ಸೀಳಿ ಎರಡಾಗಿತ್ತು. ಬಟ್ಟಲು ಮಾತ್ರ, ಯಾವುದಕ್ಕೂ ಬಾರದ್ದೆಂದು ಎಸೆದದ್ದು, ಒಡೆದ ಬಕೆಟ್ಟುಗಳ ನಡುವೆ ಸಿಕ್ಕಿತು. ಅವಳು ಅದರೊಳಗಿನ ಮಣ್ಣನ್ನು ಸೆರಗಿನಿಂದ ಒರೆಸಿ, ಬೆರಳಿಂದ ಸುತ್ತಲೂ ಸವರಿ, ಬಿರುಕು ಬಿಟ್ಟಿದೆಯೇ ಎಂದು ನೋಡಿದಳು. ಬಿಟ್ಟಿರಲಿಲ್ಲ. ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಆಗ ಅತ್ತಳು. ಹೊರಗೆ ಹಾರನ್ನು ಕೂಗುತ್ತಲೇ ಇತ್ತು, ಆ ಮನುಷ್ಯನ ಮೇಲೆ ನನಗೆ ಅಸಹ್ಯ ಹುಟ್ಟಿತು.

ಬಟ್ಟಲು ಉಳಿದಿದ್ದರಿಂದ ಹೊಸ ಕೊಳವೆ, ಹೊಸ ಪಾದ ಜೋಡಿಸಿದರೆ ಸಾಕಿತ್ತು. ಆದರೆ ಅದನ್ನು ಯಾರು ಮಾಡಿಸಿಕೊಡುವುದು? ಅವರ ಮನೆಗೇ ಹೋಗಿ ಮಾತಾಡಬೇಕು ಎಂದು ಹಟ ಮಾಡಿ ಅದೇ ಲಾರಿಯಲ್ಲಿ ಇವರನ್ನು ಕರೆದೊಯ್ದೆ.

ಮುಂದೆ ಅಂಗಡಿ, ಹಿಂದೆ ಮನೆ. ಗೋಡೆಯ ಉದ್ದಕ್ಕೂ ಕನ್ನಡಿ. ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಆತ ತಾನೇ ಕೂತಿದ್ದ, ಹಣೆಗೆ ಪಟ್ಟಿ, ಪ್ಯಾಂಟಿನ ಒಂದು ಕಾಲು ಮಡಿಚಿ ಪಿನ್ನು ಚುಚ್ಚಿತ್ತು. ಬಾಗಿಲಲ್ಲಿ ಮೂರ್ನಾಲ್ಕು ಗಿರಾಕಿಗಳು ಕ್ಷೇಮ ಕೇಳಲು ಬಂದವರು ನಿಂತಿದ್ದರು. ನಮ್ಮವರು ಒಳಗೆ ಬಂದವರೇ ಲಾರಿಯ ಕೀಲಿಯನ್ನು ಕನ್ನಡಿಯ ಮುಂದಿನ ಹಲಗೆಯ ಮೇಲೆ ಠಣ್ಣೆಂದು ಇಟ್ಟರು. ಎಲ್ಲಿ ಹೋದರೂ ಹಾಗೆಯೇ, ತಾವು ಲಾರಿಯ ಧಣಿ ಎಂದು ಊರಿಗೆಲ್ಲ ಗೊತ್ತಾಗಬೇಕು.

ಅವಳು ಬಟ್ಟಲನ್ನು ಗಂಡನ ತೊಡೆಯ ಮೇಲಿಟ್ಟಳು. ಆತ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಉಳಿದದ್ದು?" ಎಂದು ಕೇಳಿದ.

ನಾನು ಇವರ ಮೊಣಕೈ ತಿವಿದೆ. ಇವರು ಗಂಟಲು ಸರಿಪಡಿಸಿಕೊಂಡು, "ಆಗಿದ್ದು ಆಗೋಯ್ತು. ಹೊಸದು ಮಾಡಿಸೋಣಂತೆ. ಆದ್ರೆ ನೋಡಿ, ಕಾಲು ಮಾಡೋರು ಬಾಯಿಗೆ ಬಂದಷ್ಟು ಕೇಳ್ತಾರೆ. ಅದಕ್ಕೂ ಒಂದು ಮಿತಿ ಅಂತ ಇರ್ಬೇಕಲ್ವಾ? ಸರ್ಕಾರದ ರೇಟು ಏನಾದ್ರೂ ಇದೆಯಾ?" ಎಂದರು.

ನಿಜವಾಗಿ ಹೀಗೆಯೇ ಕೇಳಿದರು. ನಾಚಿಕೆ ಎಂಬುದು ಈ ಪ್ರಾಣಿಯ ಹತ್ತಿರ ಸುಳಿದಿದ್ದರೆ ನಾಲಿಗೆ ಅಲ್ಲೇ ಕಚ್ಚಿಕೊಳ್ಳಬೇಕಿತ್ತು.

ಆತ ಕನ್ನಡಿಯಲ್ಲಿ ಇವರನ್ನೇ ನೋಡುತ್ತಾ, "ಇಲ್ಲ ಸ್ವಾಮಿ. ಕಾಲಿಗೆ ರೂಲು ಮಾಡಿಲ್ಲ. ಜನರ ಕಾಲನ್ನ ತೂಕಕ್ಕೆ ಹಾಕೋರು ಇರ್ತಾರೆ ಅಂತ ಅವರಿಗೆ ಹೊಳೆದಿಲ್ಲ ಅನ್ಸುತ್ತೆ" ಎಂದ.

"ಹಾಗಾದ್ರೆ ಅರ್ಧ ನಾನು ಕೊಡ್ತೀನಿ. ಅದೂ ಮುಂದಿನ ತಿಂಗಳು."

ನಾನು ಹಲಗೆಯ ಮೇಲಿದ್ದ ಲಾರಿಯ ಕೀಲಿಯನ್ನು ತೆಗೆದು ಆತನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಚಿಬಿಟ್ಟೆ. "ಇಟ್ಕೊಳ್ಳಿ ಅಣ್ಣ. ನೀವು ನಿಮ್ಮ ಕಾಲ ಮೇಲೆ ನಿಂತು ಈ ಅಂಗಡಿ ಬಾಗಿಲು ತೆಗೆದ ದಿನ ಇವರು ಬಂದು ಲಾರಿ ತಗೊಂಡು ಹೋಗ್ತಾರೆ" ಎಂದೆ.

"ಏನೇ, ತಲೆ ಕೆಟ್ಟಿದೆಯಾ? ನೀನು ಯಾರ ಹೆಂಡ್ತಿ?"

"ಕರ್ಮಕ್ಕೆ ನಿಮ್ಮೋಳೇ. ಬೇಕಿದ್ರೆ ಕಿತ್ಕೊಳ್ಳಿ. ಒಂದು ಕಾಲಿನವರ ಕೈಯಿಂದ ಹೇಗೆ ಕಿತ್ಕೊಳ್ತೀರಿ ಅಂತ ಬಾಗಿಲಲ್ಲಿ ನಿಂತಿರೋರೂ ನೋಡ್ಲಿ."

ಬಾಗಿಲಲ್ಲಿದ್ದವರು ಇನ್ನೊಂದು ಹೆಜ್ಜೆ ಒಳಗೆ ಬಂದರು. ಇವರು ಒಮ್ಮೆ ಅವರನ್ನು, ಒಮ್ಮೆ ಆ ಮುಷ್ಟಿಯನ್ನು ನೋಡಿದರು. ನಾಳೆಯೇ ಕಾಲು ಮಾಡುವವನ ಹತ್ತಿರ ಹೋಗಿ ಪೂರ್ತಿ ದುಡ್ಡು ಕಟ್ಟುತ್ತೇನೆ ಎಂದು ನೆಲ ನೋಡಿಕೊಂಡು ಒಪ್ಪಿದರು. ಒಳ್ಳೆಯದು, ಕಟ್ಟಿ ಎಂದ ಆತ. ಕೀಲಿ ಮಾತ್ರ ಕೊಡಲಿಲ್ಲ. ಅವನ ಹೆಂಡತಿ ನನ್ನ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡು ಬಿಟ್ಟಳು.

ಮನೆಗೆ ನಡೆದೇ ಹೊರಟೆವು. ಲಾರಿ ಬಂದ ಮೇಲೆ ಬೀದಿ ಕೊನೆಯ ಅಂಗಡಿಗೂ ನಡೆದು ಹೋಗದ ಮನುಷ್ಯ. ದಾರಿಯುದ್ದಕ್ಕೂ ನನ್ನನ್ನು, ನನ್ನ ತೌರನ್ನು, ಸರ್ಕಾರವನ್ನು ಸರದಿಯ ಮೇಲೆ ಬೈದರು. ಸೇತುವೆ ದಾಟುವ ಹೊತ್ತಿಗೆ ಉಸಿರು ಸಾಲದೆ ಬೈಗುಳ ನಿಂತಿತು. ರಸ್ತೆ ಬದಿಯ ಕಟ್ಟೆಯ ಮೇಲೆ ಕುಕ್ಕರಿಸಿ ಕೂತು ಮೀನಖಂಡ ತಿಕ್ಕಿಕೊಂಡರು.

"ಕಾಲು ನೋಯ್ತಾ ಇದೆ ಕಣೇ" ಎಂದರು.

"ಇದೆಯಲ್ಲ, ಅದಕ್ಕೇ ನೋಯ್ತಿದೆ. ಏಳಿ, ನಡೀರಿ" ಎಂದೆ.