ಎಣಿಸದ ತಲೆಗಳು

ಪಾಪ, ವನಿತಾ ಯಾರ ತಂಟೆಗೂ ಹೋದವಳಲ್ಲ. ಚಾಮರಾಜನಗರದ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಟಿಪ್ಪು ಸುಲ್ತಾನನ ಕಾಲದಲ್ಲಿ ಮಂಗಳೂರು ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದ ಪಾಠ ಮಾಡುವಾಗ ಹುಡುಗನೊಬ್ಬ “ಎಷ್ಟು ಜನ ಮೇಡಂ?” ಎಂದ. “ಮೂವತ್ತು ಸಾವಿರ ಅನ್ನೋರಿದ್ದಾರೆ, ಎಂಬತ್ತು ಸಾವಿರ ಅನ್ನೋರೂ ಇದ್ದಾರೆ” ಎಂದಳು. ಅಷ್ಟೇ. ಯಾವನೋ ಪುಣ್ಯಾತ್ಮ ಅದನ್ನು ಮೊಬೈಲಿನಲ್ಲಿ ಹಿಡಿದು, ಒಂದು ಮಾತನ್ನು ಎರಡು ತುಂಡು ಮಾಡಿ ಊರಿಗೆಲ್ಲ ಹಂಚಿದ. ಮೂವತ್ತರ ತುಂಡು ನೋಡಿದವರು ಇವಳು ಲೆಕ್ಕ ಮುಚ್ಚಿಡುತ್ತಾಳೆ ಎಂದು ಉರಿದುಬಿದ್ದರು. ಎಂಬತ್ತರ ತುಂಡು ನೋಡಿದವರು ಸುಲ್ತಾನನ ಹೆಸರು ಕೆಡಿಸುತ್ತಾಳೆ ಎಂದು ಉರಿದುಬಿದ್ದರು. ಇಬ್ಬರಿಗೂ ಅವಳ ಫೋನ್ ನಂಬರು ಸಿಕ್ಕಿತು.

ಇದೇ ವಿಷಯದ ಮೇಲೆ ಗುಂಡ್ಲುಪೇಟೆಯ ಸಂಘವೊಂದರ ಸಭೆಯಲ್ಲಿ ಮಾತಾಡುತ್ತೇನೆಂದು ಅವಳು ಮೊದಲೇ ಒಪ್ಪಿಕೊಂಡಿದ್ದಳು. ಆ ಶನಿವಾರ ಬೆಳಿಗ್ಗೆ ಕುದೇರಿನ ಮನೆಯಲ್ಲಿ ಮಗಳು ಪುಟ್ಟಿಗೆ ಜಡೆ ಹಾಕುತ್ತಿದ್ದಾಗ ಫೋನು ಬಂತು. “ಇವತ್ತು ಎಂಬತ್ತು ಸಾವಿರಕ್ಕೆ ಒಂದೂ ಕಮ್ಮಿ ಆಗಬಾರದು ಮೇಡಂ. ಮಗಳು ಆಟೋದಲ್ಲಿ ಸ್ಕೂಲಿಗೆ ಹೋಗ್ತಾಳಲ್ವಾ?” ಅದನ್ನಿಟ್ಟ ಮೇಲೆ ಇನ್ನೊಂದು. “ಆ ಲೆಕ್ಕದ ಮಾತೇ ಎತ್ತಬೇಡಿ. ನಿಮ್ಮ ಮನೆ ನಮಗೂ ಗೊತ್ತು.” ಇಬ್ಬರೂ ಎಷ್ಟು ಮರ್ಯಾದೆಯಿಂದ ಮಾತಾಡಿದರೆಂದರೆ ವನಿತಾ ಹಾಕಿದ ಜಡೆಯನ್ನೇ ಬಿಚ್ಚಿ ಮತ್ತೆ ಹಾಕಿದಳು. ಗಂಡ ಕಿರಣ್ ಕುಮಾರ್ ಲಾರಿ ಹೊಡೆದುಕೊಂಡು ಕಲ್ಲಿಕೋಟೆ ದಾರಿ ಹಿಡಿದಿದ್ದ, ಕಾಡಿನಲ್ಲಿ ಸಿಗ್ನಲ್ಲಿಲ್ಲ.

“ಅವ್ವಾ, ಪುಟ್ಟಿ ಇವತ್ತು ನನ್ ಜೊತೆ ಬರಲ್ಲ, ಹುಡುಗರ ಜೊತೆ ಆಟೋದಲ್ಲೇ ಬರ್ತಾಳೆ. ಬಂದ್ಮೇಲೆ ಬಾಗಿಲು ಹಾಕ್ಕೊ” ಎಂದು ಹೇಳಿ ಬಸ್ಸು ಹತ್ತಿದಳು. ಶನಿವಾರ ಶಾಲೆ ಬೇಗ ಬಿಡುತ್ತದೆ. ಪುಟ್ಟಿ ಪಕ್ಕದ ಕಾಲೇಜಿಗೆ ಬಂದು ಅಮ್ಮನ ಜೊತೆ ಊರಿಗೆ ಹೋಗುವುದು ರೂಢಿ. ಈ ಬದಲಾವಣೆಯನ್ನು ಅವ್ವನಿಗೆ ಹೇಳಿದವಳು ಮಗುವಿಗೂ ಆಟೋದವನಿಗೂ ಹೇಳುವುದನ್ನೇ ಮರೆತಳು. ಹೆದರಿದವರ ತಲೆ ನೆಟ್ಟಗಿರುವುದುಂಟೇ?

ಗುಂಡ್ಲುಪೇಟೆಯ ಸಭಾಂಗಣದ ಬಾಗಿಲಲ್ಲೇ ಸಂಘದ ಕಾರ್ಯದರ್ಶಿ ಬಸವಪ್ರಸಾದ್ ಅವಳನ್ನು ಪಕ್ಕಕ್ಕೆ ಕರೆದ. ಅವನ ಮುಖವೂ ಬಿಳಿಚಿಕೊಂಡಿತ್ತು.

“ಮೇಡಂ, ನಂಬರು ಬ್ಯಾಡ. ‘ಅನೇಕರು’ ಅಂದ್ಬುಡಿ, ಮುಗೀತು. ನಾವು ಇದೇ ಊರಲ್ಲಿ ಅಂಗಡಿ ಇಟ್ಕಂಡು ಬದುಕ್ಬೇಕು.”

“ಆಯ್ತು ಸರ್, ಹಾಗೇ ಅಂತೀನಿ” ಎಂದಳು ವನಿತಾ. ಹೇಳಿದ್ದೇ ತಡ, ಎದೆಯ ಭಾರ ಇಳಿಯಿತು. ಅನೇಕರು! ಎಷ್ಟು ಚೆಂದದ ಮಾತು, ಯಾರಿಗೂ ತಗಲುವುದಿಲ್ಲ.

ವೇದಿಕೆ ಹತ್ತುವ ಮುಂಚೆ ಮನೆಗೆ ಫೋನು ಮಾಡಿದಳು. “ಅವ್ವಾ, ಮಕ್ಕಳೆಲ್ಲಾ ಬಂದ್ವಾ?”

“ಬಂದವೆ ಕಣಮ್ಮಿ, ಎಲ್ಲಾ ಉಣ್ತಾ ಕುಂತವೆ. ನೀ ಯೋಚ್ನೆ ಬುಡು.”

ಇಲ್ಲೊಂದು ವಿಷಯ ಹೇಳಬೇಕು. ಅವ್ವ ಪುಟ್ಟಸಿದ್ದಮ್ಮ ಜನ್ಮದಲ್ಲಿ ಮಕ್ಕಳ ತಲೆ ಎಣಿಸಿದವಳಲ್ಲ. ಎಣಿಸಿದರೆ ದೃಷ್ಟಿಯಾಗಿ ಒಂದು ಕಮ್ಮಿಯಾಗುತ್ತದೆ ಎಂದು ಅವಳ ನಂಬಿಕೆ. ಮೊಮ್ಮಕ್ಕಳೆಷ್ಟು ಎಂದರೆ “ಅವೆ, ದೇವ್ರು ಕೊಟ್ಟಷ್ಟು” ಎನ್ನುವಳು. ಜೊತೆಯಲ್ಲೇ ಇರುವ ವನಿತಾಳ ತಮ್ಮ ನಾಗೇಂದ್ರನ ಮಕ್ಕಳು ಮೂವರು, ಪುಟ್ಟಿ ಒಬ್ಬಳು. ಅವರ ಜೊತೆ ಪಕ್ಕದ ಮನೆಯವೂ ಬಂದು ಕೂತರೆ ಪಡಸಾಲೆ ತುಂಬುತ್ತದೆ. ತುಂಬಿದರೆ ಸರಿ, ಎಲ್ಲಾ ಬಂದ ಹಾಗೆ. ವನಿತಾ ಇದನ್ನು ಎಷ್ಟೋ ಸಲ ಆಡಿಕೊಂಡು ನಕ್ಕಿದ್ದಳು.

“ಪುಟ್ಟಿಗೆ ಕೊಡವ್ವ ಫೋನು.”

“ಲೇ ಪುಟ್ಟೀ!” ಎಂದು ಅವ್ವ ಕೂಗಿದ್ದು ಕೇಳಿಸಿತು. ಆಮೇಲೆ ತಟ್ಟೆಗಳ ಸದ್ದು. ಆಮೇಲೆ ನಾಗೇಂದ್ರನ ಮಗನ ದನಿ, “ಅವ್ಳು ನಮ್ ಜೊತೆ ಬರ್ಲೇ ಇಲ್ಲ ಕಣಜ್ಜಿ.”

ಅಯ್ಯೋ ಶಿವನೇ! ವನಿತಾಳಿಗೆ ಜೀವ ಬಾಯಿಗೆ ಬಂತು. ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಗಂಡಸರಲ್ಲಿ ಫೋನು ಮಾಡಿದವನು ಯಾರು? ಆ ದಪ್ಪ ಮೀಸೆಯವನೇ? ಮೊಬೈಲು ಎತ್ತಿ ಹಿಡಿದವನೇ? ಅವನ ಕಾಲು ಹಿಡಿದು, ಎಂಬತ್ತೇ ಅಂತೀನಿ, ಎಂಟು ಲಕ್ಷ ಬೇಕಾದರೂ ಅಂತೀನಿ, ಮಗು ಕೊಡಪ್ಪಾ ಎಂದು ಅಳಬೇಕೆನಿಸಿತು. ಅಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೇಗೋ ಎತ್ತಿ ಕಿವಿಗಿಟ್ಟುಕೊಂಡಳು.

“ಮೇಡಮ್ನೋರೇ, ನಾನು ಕಾಲೇಜ್ ವಾಚ್‌ಮನ್ ಪುಟ್ಟಮಾದಯ್ಯ. ಮಗಾ ಇಲ್ಲೇ ಗೇಟ್ ತಾವ ಕುಂತದೆ. ನೀವು ಬರಕಿಲ್ವಾ?”

ಹೋದ ಜೀವ ಬಂತು. “ನಿಮ್ಮ ಹತ್ರಾನೇ ಇರಲಿ ಮಾದಯ್ನೋರೇ. ಯಾರು ಬಂದು ಕೇಳಿದ್ರೂ ಕಳಿಸ್ಬೇಡಿ” ಎಂದಳು. ಅವ್ವನಿಗೂ ಸುದ್ದಿ ಮುಟ್ಟಿಸುವಷ್ಟರಲ್ಲಿ ಅವಳ ಹೆಸರು ಕರೆದರು.

ವೇದಿಕೆ ಹತ್ತಿ ಮೈಕು ಹಿಡಿದಳು. ಬಸವಪ್ರಸಾದ್ ಕಣ್ಣಲ್ಲೇ ಬೇಡಿಕೊಂಡ.

“ಅನೇಕರು ಅಂತ ಹೇಳಿ ಇಳಿದುಬಿಡೋಣ ಅಂತಿದ್ದೆ. ಆಗಲ್ಲ” ಎಂದಳು. “ಕಡಿಮೆ ಹೇಳೋರು ಮೂವತ್ತು ಸಾವಿರ ಅಂತಾರೆ, ಜಾಸ್ತಿ ಹೇಳೋರು ಎಂಬತ್ತು ಸಾವಿರ. ಸರಿಯಾದ ಲೆಕ್ಕ ನನಗೆ ಗೊತ್ತಿಲ್ಲ. ನನಗೆ ಫೋನ್ ಮಾಡಿದವರಿಗೂ ಗೊತ್ತಿಲ್ಲ. ನಡುವಿನ ಐವತ್ತು ಸಾವಿರ ಜನ ಇದ್ದರೋ ಇಲ್ಲವೋ ಅನ್ನೋದೇ ಗೊತ್ತಾಗ್ತಿಲ್ಲ. ಅನೇಕರು ಅಂದ್ಕೊಂಡು ಸುಮ್ಮನಿದ್ರೆ, ಒಬ್ಬರು ಇಲ್ಲದಿದ್ದರೂ ನಮಗೆ ತಿಳಿಯಲ್ಲ. ನನಗೆ ತುಂಬಾ ಭಯ ಆಗಿದೆ. ಆದರೂ ಎಣಿಸಬೇಕು, ಹುಡುಕ್ತಾನೇ ಇರಬೇಕು.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಿಂದ ಕೆಲವರು ಕುರ್ಚಿ ಸದ್ದು ಮಾಡಿಕೊಂಡು ಎದ್ದುಹೋದರು. ತೆರಕಣಾಂಬಿ ದಾಟುವವರೆಗೂ ಬಸ್ಸಿನ ಹಿಂದೆ ಬಂದ ಪ್ರತಿ ಬೈಕನ್ನೂ ವನಿತಾ ತಿರುಗಿ ತಿರುಗಿ ನೋಡಿದಳು. ಕಾಲೇಜಿನ ಗೇಟಿನಲ್ಲಿ ಪುಟ್ಟಿ ವಾಚ್‌ಮನ್ ಕೊಟ್ಟ ಕಡಲೆಕಾಯಿ ತಿನ್ನುತ್ತಾ ಮುಖ ಊದಿಸಿಕೊಂಡು ಕೂತಿದ್ದಳು.

ಕುದೇರು ಸೇರುವಾಗ ಸಂಜೆಯಾಗಿತ್ತು. ಬ್ಯಾಗಿನಲ್ಲಿ ಫೋನು ಮತ್ತೆ ಬಡಿದುಕೊಳ್ಳಲು ಶುರುವಾಯಿತು. ಬಾಗಿಲಲ್ಲಿ ನಿಂತಿದ್ದ ಪುಟ್ಟಸಿದ್ದಮ್ಮ ಅಳಲಿಲ್ಲ, ಬೈಯಲಿಲ್ಲ. ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೈಯನ್ನು ಒಂದೊಂದೇ ತಲೆಯ ಮೇಲಿಟ್ಟಳು.

“ಒಂದು. ಎರಡು. ಮೂರು.” ಪುಟ್ಟಿಯ ತಲೆಯನ್ನು ಗಟ್ಟಿಯಾಗಿ ಒತ್ತಿ, “ನಾಕು.”

ಆಮೇಲೆ ಹೊಸಿಲಾಚೆ ನಿಂತಿದ್ದ ವನಿತಾಳ ಕಡೆ ಕೈ ಚಾಚಿ, ಅವಳ ತಲೆಯನ್ನೂ ಮುಟ್ಟಿ, “ಅಯ್ದು” ಎಂದು ಒಳಕ್ಕೆ ಎಳೆದುಕೊಂಡು ಅಗುಳಿ ಹಾಕಿದಳು.