ನೀಲಿಯಾಗದ ಹೊಳೆ

ನೀರಿಗೆ ನೀಲಿಯೊಂದೇ ಬಣ್ಣವೆಂದು ನಿಮ್ಮ ಮಕ್ಕಳಿಗೆ ಕಲಿಸಿದವರು ನೀವೇ ಅಲ್ಲವೇ?

ಸಿಂದಗಿ ತಾಲೂಕಿನ ಭೀಮಾ ದಂಡೆಯಲ್ಲಿರುವ ನಮ್ಮ ಶಾಲೆಯಲ್ಲಿ ಈ ಮಳೆಗಾಲ ಬಣ್ಣ ತುಂಬುವ ಸ್ಪರ್ಧೆ ನಡೆಯಿತು. ಹಾಳೆಯಲ್ಲಿ ಮೋಡ, ಇಬ್ಬನಿ, ಹೊಳೆಗಳ ಚಿತ್ರಗಳಿದ್ದವು. ನಾಲ್ಕನೆಯ ತರಗತಿಯ ರಾಜಶ್ರೀ ಮೋಡಕ್ಕೆ ಕಾಡಿಗೆಯ ಕಪ್ಪನ್ನು, ಜೋಳದೆಲೆಯ ಮೇಲಿನ ಇಬ್ಬನಿಗೆ ಎಲೆಯದೇ ಹಸಿರನ್ನು, ಹೊಳೆಗೆ ದಟ್ಟ ಕಂದುಬಣ್ಣವನ್ನು ತುಂಬಿದ್ದಳು. ಎಂಥ ಕಣ್ಣು ಆ ಹುಡುಗಿಯದು!

ತೀರ್ಪುಗಾರರಾಗಿ ಬಂದಿದ್ದ ಶ್ರೀಶೈಲ ಮಾಸ್ತರರು ನಕ್ಕರು.

"ಏನವಾ ಇದು, ಹೊಳಿನೋ ಚಹಾನೋ? ನೀಲಿ ಹಚ್ಚು, ಸಿಂದಗಿ ಪ್ರದರ್ಶನಕ್ಕ ನಿನ್ನ ಚಿತ್ರಾನ ಕಳಸ್ತೇನಿ."

ಆ ಪ್ರದರ್ಶನಕ್ಕಾಗಿ ರಾಜಶ್ರೀ ತಿಂಗಳಿಂದ ಕಾದಿದ್ದಳು. ಆದರೂ ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಸರ್. ಹೊಳಿ ನೀರ ದಿನಾ ಅರಿವಿ ಕಟ್ಟಿ ಸೋಸಾಕಿ ನಾನ ಅದೀನ್ರಿ. ಅರಿವಿ ಒಮ್ಮಿನೂ ನೀಲಿ ಆಗಿಲ್ರಿ."

ಮಾಸ್ತರರು ಇನ್ನೊಬ್ಬರ ನೀಲಿ ಹೊಳೆಯನ್ನು ಆರಿಸಿ ಒಯ್ದರು. ರಾಜಶ್ರೀ ಅಳಲಿಲ್ಲ, ಬಣ್ಣವನ್ನೂ ಬದಲಿಸಲಿಲ್ಲ. ಇಪ್ಪತ್ತು ವರ್ಷ ಸತ್ಯದ ಪಾಠ ಹೇಳಿದ ನಾನು, ಬಹುಮಾನವನ್ನು ಎದುರಿಗಿಟ್ಟುಕೊಂಡೂ ಸುಳ್ಳನ್ನು ಒಲ್ಲೆನೆಂದವರನ್ನು ಅಂದೇ ಮೊದಲು ಕಂಡೆ.

ದಯವಿಟ್ಟು, ಬಣ್ಣದ ಪೆಟ್ಟಿಗೆ ತೆರೆಯುವ ಮುನ್ನ ನಿಮ್ಮ ಮಗುವನ್ನು ನೀರಿನ ದಂಡೆಗೆ ಕರೆದೊಯ್ಯಿರಿ.